ಮತ್ಸ್ಯಕನ್ಯೆಯ ಹತ್ತಿರ ಸ್ವಲ್ಪ ನಿಲ್ಲಿ

ನಮಸ್ಕಾರ.

'ದೇಶದೇಶಗಳಲ್ಲಿ ರಾಮಾಯಣ' ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದು ನಮಗೆ ಬೇಕು.

ಜಾವಾ, ಕಾಂಬೋಡಿಯಾ, ಲಾವೋಸ್, ಬರ್ಮಾ, ಥಾಯ್ಲೆಂಡ್ ಎಲ್ಲ ಸುತ್ತಿದ್ದೀರಿ, ಎಲ್ಲೂ ಕೂತಿಲ್ಲ. ಒಂದೊಂದಕ್ಕೆ ನಾಲ್ಕು ಸಾಲು, ಕೊನೆಗೆ 'ಇದು ಮೂಲದಲ್ಲಿಲ್ಲ' ಎಂಬ ತೀರ್ಪು.

ಥಾಯ್ ಜನರ ರಾಮಾಯಣವಾದ ರಾಮಕಿಯೆನ್ ಬಗ್ಗೆ ಬರೆಯುತ್ತಾ 'ಬ್ರಹ್ಮಚಾರಿ ಹನುಮಂತನಿಗೂ ಪ್ರೇಯಸಿಯನ್ನು ಗಂಟುಹಾಕಿ ಕಥೆ ಕೆಡಿಸಿದರು' ಎಂದಿದ್ದೀರಿ. ಅಷ್ಟು ಚೆಂದದ ಪ್ರಸಂಗ, ಒಂದೇ ಸಾಲಲ್ಲಿ ಮುಗಿಸಿಬಿಡೋದಾ? ವಾನರರು ಕಡಲಿಗೆ ಬಂಡೆ ಹಾಕುತ್ತಲೇ ಇದ್ದಾರೆ, ಸೇತುವೆ ಮಾತ್ರ ಮೇಲೇಳುತ್ತಿಲ್ಲ. ಹನುಮಂತ ನೀರಿಗೆ ಧುಮುಕಿ ನೋಡಿದರೆ ಮೀನುಗಳು ಬಂಡೆ ಹೊತ್ತೊಯ್ಯುತ್ತಿವೆ. ಅವುಗಳ ಒಡತಿ ಸುವಣ್ಣಮಚ್ಛಾ ಅರ್ಧ ಹೆಣ್ಣು, ಅರ್ಧ ಮೀನು. ರಾವಣನ ಮಗಳು. ಹಿಡಿಯಲು ಹೋದವನು ಮನಸೋಲುತ್ತಾನೆ, ಅವಳೂ ಸೋಲುತ್ತಾಳೆ. ಬಂಡೆಗಳು ವಾಪಸ್ ಬರುತ್ತವೆ. ಅವರಿಗೆ ಹುಟ್ಟುವ ಮಚ್ಛಾನುವಿಗೆ ಕಪಿಯ ಮೈ, ಮೀನಿನ ಬಾಲ. ಮುಂದೆ ಇವನು ಪಾತಾಳದ ಮೈರಾವಣನ ಕಾವಲಿಗೆ ನಿಂತು, ಗುರುತಿಲ್ಲದೆ ಅಪ್ಪನ ಮೇಲೇ ಕೈಮಾಡುತ್ತಾನೆ.

ನಮ್ಮಲ್ಲಿ ಹೇಳುವ ಮೈರಾವಣನ ಕಥೆಯಲ್ಲೂ ಹನುಮಂತನಿಗೆ ಮಗನಿದ್ದಾನೆ, ಅಲ್ವಾ? ಅವನ ಬೆವರ ಹನಿ ನುಂಗಿದ ಮೀನಿಗೆ ಹುಟ್ಟಿದವನು. ನಾವು ಬ್ರಹ್ಮಚರ್ಯ ಉಳಿಸಿಕೊಂಡು ಮಗನನ್ನು ಕೊಟ್ಟೆವು, ಅವರು ಪ್ರೀತಿಯನ್ನೂ ಕೊಟ್ಟರು. ಎರಡೂ ವಾಲ್ಮೀಕಿಯಲ್ಲಿಲ್ಲ. ಹಾಗಿರುವಾಗ ಕೆಡಿಸಿದ ಆರೋಪ ಅವರೊಬ್ಬರ ಮೇಲೇ ಯಾಕೆ?

ನಿಮ್ಮ ತೊಡಕು ಇಲ್ಲೇ ಇದೆ. ಪ್ರತಿ ರಾಮಾಯಣವನ್ನೂ ವಾಲ್ಮೀಕಿಯ ಪಕ್ಕದಲ್ಲಿ ಮಾತ್ರ ಇಟ್ಟು ನೋಡಿದ್ದೀರಿ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ. ಜಾವಾದ ಪ್ರಂಬನನ್ ದೇವಾಲಯದ 9ನೇ ಶತಮಾನದ ಶಿಲ್ಪಗಳಲ್ಲೂ ಸೇತುವೆಯ ಕಲ್ಲು ನುಂಗುವ ಮೀನುಗಳಿವೆ. ರಾಮಕಿಯೆನ್‌ನಲ್ಲಿ ಸೀತೆ ರಾವಣನ ಮಗಳು. ರಾಷ್ಟ್ರಕೂಟರ ಕಾಲದ ಗುಣಭದ್ರಾಚಾರ್ಯರ ಜೈನ ಉತ್ತರಪುರಾಣದಲ್ಲೂ ಹಾಗೇ ಇದೆ. ಹಾಗಂತ 'ಎಲ್ಲ ನಮ್ಮಿಂದಲೇ ಹೋಯಿತು' ಎಂದು ಬರೆದುಬಿಡಬೇಡಿ. ಕಥೆ ಎಷ್ಟೋ ಬಾಯಿ ದಾಟಿ ಹೋಗಿದೆ.

ಇನ್ನೊಂದು ಮಾತು. 1797ರಲ್ಲಿ ಥಾಯ್ ದೊರೆ ಒಂದನೇ ರಾಮ ರಾಮಕಿಯೆನ್ ಬರೆಸಿದ ಎಂದು ಇಸವಿ ಕೊಟ್ಟಿದ್ದೀರಿ, ಅದರ ಹಿಂದಿನದನ್ನು ಬಿಟ್ಟಿದ್ದೀರಿ. 30 ವರ್ಷ ಮೊದಲು, 1767ರಲ್ಲಿ, ಬರ್ಮಾದ ಸೇನೆ ಥಾಯ್ ರಾಜಧಾನಿ ಅಯುಥಯಾ ನಗರವನ್ನು ಹಾಳುಗೆಡವಿತ್ತು. ಬ್ಯಾಂಕಾಕ್ ಆಗಿನ್ನೂ ಹೊಸ ರಾಜಧಾನಿ. ಅಂಥ ಹೊತ್ತಿನಲ್ಲಿ ದೊರೆ ಈ ಕಥೆಯನ್ನೇ ಯಾಕೆ ಬರೆಸಿದ? ಓದುವವರು ನಿಮ್ಮಿಂದ ಕೇಳಬೇಕಾದ್ದು ಇದನ್ನು.

ಉಳಿದ ದೇಶಗಳನ್ನು ಈ ಸಲ ಬಿಡಿ. ಸುವಣ್ಣಮಚ್ಛಾ ಪ್ರಸಂಗದಿಂದಲೇ ಶುರುಮಾಡಿ. ಮೊದಲ ಎರಡು ಪುಟದ ಪೀಠಿಕೆ ಪೂರ್ತಿ ತೆಗೆಯಿರಿ, 'ಮೂಲ' ಎಂಬ ಮಾತನ್ನು ಆದಷ್ಟು ಕಡಿಮೆ ಮಾಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.