ಶಿವಮೊಗ್ಗದ ಕಡೆ ತಾತ್ಕಾಲಿಕ ಯೂರಾಲಜಿಸ್ಟ್ ಆಗಿ ಕೆಲಸ ಮಾಡಬಹುದಾ?

ಎಂಸಿಎಚ್ (ಯೂರಾಲಜಿ, ಅಂದ್ರೆ ಮೂತ್ರಾಂಗದ ಸರ್ಜರಿಯ ಉನ್ನತ ಪದವಿ) ಮುಗಿದಿದೆ, ಒಂದೆರಡು ವರ್ಷ ಎಲ್ಲೂ ಕಾಯಂ ಆಗದೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಆಸ್ಪತ್ರೆಗಳಿಗೆ ವಿಸಿಟಿಂಗ್ ಹೋಗಬಹುದಾ ಅಂತ ಕೇಳಿದೀರಿ. ಖಂಡಿತ ಹೋಗಬಹುದು. ನಾನು ಆರು ವರ್ಷದಿಂದ ಇದನ್ನೇ ಮಾಡ್ತಿದೀನಿ. ಕೆಲಸಕ್ಕೇನೂ ಬರ ಇಲ್ಲ. ಕಿಡ್ನಿ ಕಲ್ಲಿನ ನೋವು ಹಿಡ್ಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಬಸ್ಸಲ್ಲಿ ಬರೋರ ಬದಲು ವಾರಕ್ಕೊಂದು ದಿನ ನೀವೇ ಅಲ್ಲಿಗೆ ಹೋದ್ರೆ ಅವರಿಗೆ ಎಷ್ಟು ಅನುಕೂಲ ಅನ್ನೋದು ಹೋದ ಮೊದಲ ದಿನವೇ ಗೊತ್ತಾಗುತ್ತೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಎಂಸಿಎಚ್ ಪದವಿಯನ್ನೂ ಸೇರಿಸಿಕೊಳ್ಳಿ. ಇಂಡೆಮ್ನಿಟಿ ವಿಮೆ (ಚಿಕಿತ್ಸೆ ತಪ್ಪಾಯ್ತು ಅಂತ ಯಾರಾದ್ರೂ ಪರಿಹಾರ ಕೇಳಿದ್ರೆ ಬೇಕಾಗೋದು) ನಿಮ್ಮ ಹೆಸರಲ್ಲೇ ಇರಲಿ. ಆಸ್ಪತ್ರೆಗೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಇದೆಯಾ ನೋಡಿ. ಒಪಿಡಿಗೆಷ್ಟು, ಕೇಸಿಗೆಷ್ಟು ಅನ್ನೋದನ್ನ ಬರವಣಿಗೆಯಲ್ಲಿ ತಗೊಳ್ಳಿ. ಸಾಮಾನ್ಯವಾಗಿ ಶೇ 10 ಟಿಡಿಎಸ್ (ಕೊಡುವಾಗಲೇ ಕಡಿತ ಮಾಡೋ ಆದಾಯ ತೆರಿಗೆ) ಹಿಡೀತಾರೆ.

ದುಡ್ಡಿಗಿಂತ ಮೊದಲು ಕೇಳಬೇಕಾದ್ದು, ನೀವು ವಾಪಸ್ ಹೊರಟ ಮೇಲೆ ರಾತ್ರಿ ಪೇಷೆಂಟನ್ನ ನೋಡೋರು ಯಾರು ಅಂತ. ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಗ್ರಂಥಿ ಕೊರೆಯೋ ಆಪರೇಷನ್) ಮಾಡಿದ ಅಜ್ಜನಿಗೆ ನಡುರಾತ್ರಿ ರಕ್ತ ಹೆಪ್ಪುಗಟ್ಟಿ ಕ್ಯಾತಿಟರ್ (ಮೂತ್ರದ ಟ್ಯೂಬ್) ಕಟ್ಟಿಕೊಳ್ಳಬಹುದು. ಮೂತ್ರಕೋಶ ತೊಳೆಯೋಕೆ ಬಿಟ್ಟ ಸಲೈನ್ ಒಳಗೆ ಹೋಗ್ತಾನೇ ಇರುತ್ತೆ, ಹೊರಗೆ ಬರಲ್ಲ, ಕಿಬ್ಬೊಟ್ಟೆ ಉಬ್ಬಿ ಕಲ್ಲಿನ ಹಾಗಾಗುತ್ತೆ. ಆಗ ಮೊದಲು ಸಲೈನ್ ನಿಲ್ಲಿಸಬೇಕು, ಆಮೇಲೆ ದೊಡ್ಡ ಸಿರಿಂಜಲ್ಲಿ ತೊಳೆದು ಹೆಪ್ಪು ಎಳೀಬೇಕು. ಇದನ್ನ ಸಿಸ್ಟರ್‌ಗಳ ಕೈಯಲ್ಲೇ ಮಾಡಿಸಿ ಕಲಿಸದ ಆಸ್ಪತ್ರೆಯಲ್ಲಿ ನಾನು ಪ್ರಾಸ್ಟೇಟ್ ಮುಟ್ಟಲ್ಲ. ಕಲಿಸಿದ ಕಡೆಯೂ ಆ ಆಪರೇಷನ್ ಮಾಡಿದ ದಿನ ಅಲ್ಲೇ ಉಳ್ಕೋತೀನಿ.

ಇನ್ನೊಂದು ಸ್ಟೆಂಟ್ ವಿಷಯ. ಇದನ್ನ ದಯವಿಟ್ಟು ಮನಸ್ಸಿಟ್ಟು ಓದಿ. ಎರಡನೇ ವರ್ಷದಲ್ಲಿ ಹೊಸನಗರದ ಕಡೆಯ ತೋಟದ ಕೆಲಸದವರೊಬ್ಬರಿಗೆ ಕಲ್ಲು ತೆಗೆದು ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೇ ಇಡೋ ತಾತ್ಕಾಲಿಕ ಸಣ್ಣ ಪೈಪ್) ಹಾಕಿದ್ದೆ. ಮೂರು ವಾರಕ್ಕೆ ತೆಗೀಬೇಕು ಅಂತ ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಲ್ಲಿ ಬರೆದಿದ್ದೆ. ಅಷ್ಟರಲ್ಲಿ ಆ ಆಸ್ಪತ್ರೆಯಲ್ಲಿ ನನ್ನ ಅವಧಿ ಮುಗೀತು. ಅವರಿಗೆ ನೋವು ಹೋಗಿತ್ತು, ಅಡಿಕೆ ಕೊಯ್ಲು ಶುರುವಾಯ್ತು, ಯಾರೂ ಕರೀಲಿಲ್ಲ. 14 ತಿಂಗಳಾದ ಮೇಲೆ ಉರಿಮೂತ್ರ, ಚಳಿಜ್ವರ ಅಂತ ಬೇರೆ ಆಸ್ಪತ್ರೆಗೆ ಬಂದ್ರು. ಅಲ್ಲಿ ಕೂತಿದ್ದವನು ನಾನೇ. ಎಕ್ಸ್‌ರೇ ನೋಡಿದ್ರೆ ಸ್ಟೆಂಟಿನ ಎರಡೂ ತುದಿಗೆ ಹಂಡೆಯೊಳಗೆ ಸುಣ್ಣ ಕಟ್ಟಿದ ಹಾಗೆ ಕಲ್ಲು ಕಟ್ಟಿತ್ತು. ಆ ಕಾರ್ಡನ್ನ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ರು. "ಒಳಗೊಂದು ಪೈಪ್ ಇದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ಮಾರಾಯ್ರೆ" ಅಂದ್ರು. ಜೆಲ್ ಹಾಕಿ ಐದು ನಿಮಿಷದಲ್ಲಿ ಎಳೆದು ತೆಗೆಯೋ ಸ್ಟೆಂಟಿಗೆ ಎರಡು ಆಪರೇಷನ್ ಬೇಕಾಯ್ತು. ಮೂತ್ರಕೋಶದ ಕಡೆ ತುದಿಯ ಕಲ್ಲನ್ನ ಲೇಸರಲ್ಲಿ ಒಡೆದೆ, ಕಿಡ್ನಿ ಕಡೆಯದಕ್ಕೆ ಪಿಸಿಎನ್‌ಎಲ್, ಅಂದ್ರೆ ಬೆನ್ನಿಂದ ಸಣ್ಣ ತೂತು ಮಾಡಿ ಕಲ್ಲು ತೆಗೆಯೋದು. ತಪ್ಪು ನನ್ನದೇ ಅಂತ ಅವರ ಮುಂದೆ ಒಪ್ಪಿಕೊಂಡೆ.

ಆವತ್ತಿಂದ ಎಲ್ಲ ಆಸ್ಪತ್ರೆಗೂ ಸೇರಿ ನನ್ನದೇ ಒಂದು ಸ್ಟೆಂಟ್ ಪುಸ್ತಕ ಇಟ್ಟಿದೀನಿ. ಹೆಸರು, ಊರು, ಮನೆಯ ಇಬ್ಬರ ಫೋನ್ ನಂಬರು, ಹಾಕಿದ ದಿನ, ತೆಗೆಯೋ ದಿನ. ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಕನ್ನಡದಲ್ಲೇ "ಒಳಗೆ ಪೈಪ್ ಇದೆ, ಇಂಥ ದಿನ ತೆಗೆಸಬೇಕು" ಅಂತ ಬರೀತೀನಿ, ಮನೆಯವರಿಂದ ಓದಿಸ್ತೀನಿ. ಭಾನುವಾರ ಬೆಳಿಗ್ಗೆ ಪುಸ್ತಕ ತೆಗೆದು ನಾನೇ ಫೋನ್ ಮಾಡ್ತೀನಿ. ಆಸ್ಪತ್ರೆ ಬಿಟ್ಟಿದ್ದರೂ ನಾನು ಹಾಕಿದ್ದನ್ನ ತೆಗೆಯೋವರೆಗೆ ಅವರು ನನ್ನ ಪೇಷೆಂಟೇ.

ದಿನ ಕೊಡುವಾಗ ಇಲ್ಲಿಯ ಕಾಲ ನೋಡಿ ಕೊಡಿ. ಕೊಯ್ಲಿನ ಹೊತ್ತಲ್ಲಿ ಯಾರೂ ತೋಟ ಬಿಟ್ಟು ಬರಲ್ಲ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದ್ರೆ ಕೆಲವು ಮನೆಗಳಿಗೆ ದಾರಿಯೇ ಇರಲ್ಲ, ಫೋನೂ ಸಿಗಲ್ಲ. ಮೇ ತಿಂಗಳಲ್ಲಿ ಹಾಕಿದ ಸ್ಟೆಂಟನ್ನ ನಾನು ಜೂನ್ ಮೊದಲ ವಾರದೊಳಗೆ ತೆಗೆದುಬಿಡ್ತೀನಿ.