ಮೀನು ಬಂದದ್ದು ಹೆದರಿಸಲು ಅಲ್ಲ

ನಮಸ್ಕಾರ.

ಮಕ್ಕಳ ಚಿತ್ರಪುಸ್ತಕಕ್ಕೆ ಅಂತ ನೀವು ಕಳಿಸಿದ, ಬೈಬಲ್ಲಿನ ಯೋನನ ಕಥೆಯನ್ನು ಎರಡು ಸಲ ಓದಿದೆ. ಮೊದಲು ಮನಸ್ಸಿನಲ್ಲೇ, ಆಮೇಲೆ ಗಟ್ಟಿಯಾಗಿ. ಮೂರರಿಂದ ಆರು ವರ್ಷದವರ ಪುಸ್ತಕವನ್ನು ಮಗು ತಾನೇ ಓದಿಕೊಳ್ಳುವುದಿಲ್ಲ, ಯಾರೋ ಪಕ್ಕದಲ್ಲಿ ಕೂತು ಓದಿ ಹೇಳುತ್ತಾರೆ. ಅದಕ್ಕೇ ಗಟ್ಟಿ ಓದು. ನಡುವೆ ಎರಡು ಸಲ ನೀರು ಕುಡಿಯಬೇಕಾಯಿತು.

ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸಲಾರೆವು. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಏಕೆಂದರೆ ನಿಮಗೆ ಬರೆಯಲು ಬರುತ್ತದೆ. 'ಹಡಗು ಬಿಕ್ಕಳಿಸಿತು' ಅಂತ ಬರೆದಿದ್ದೀರಲ್ಲ, ಅಲ್ಲಿ ಒಬ್ಬನೇ ಕೂತು ನಕ್ಕೆ. ಅಂಥ ಸಾಲನ್ನು ಯಾರಿಂದಲೂ ಹೇಳಿಕೊಡಲಾಗುವುದಿಲ್ಲ.

ಮೊದಲು ಸುಲಭದ ವಿಷಯ, ಉದ್ದ. ನಿಮ್ಮದು 2,300 ಪದ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಅದು ಮಕ್ಕಳ ಮನಸ್ಸನ್ನು ಅಳೆದು ಇಟ್ಟ ಲೆಕ್ಕವೇನಲ್ಲ, ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವ ಅಚ್ಚಿನ ಮನೆಯ ಲೆಕ್ಕ. ಶೀರ್ಷಿಕೆಗೆ, ಹಕ್ಕಿನ ವಿವರಕ್ಕೆ ಪುಟ ಬಿಟ್ಟರೆ ಕಥೆಗೆ ಉಳಿಯುವುದು ಹನ್ನೆರಡೋ ಹದಿನಾಲ್ಕೋ ಜೋಡಿಪುಟ. 500 ಪದ ದಾಟಿದರೆ ನನಗೆ ಅನುಮಾನ ಶುರುವಾಗುತ್ತದೆ.

ಉದ್ದ ಎಲ್ಲಿಂದ ಬಂತು ನೋಡಿ. ಕಪ್ಪು ಮೋಡ, ಬೆಟ್ಟದಂಥ ಅಲೆ, ಬಿಳಚಿಕೊಂಡ ನಾವಿಕರು ಎಲ್ಲವನ್ನೂ ಮಾತಿನಲ್ಲೇ ಹೇಳಿ ಮುಗಿಸಿದ್ದೀರಿ. ಹಾಗಾದರೆ ಚಿತ್ರ ಬರೆಯುವವರಿಗೆ ಕೆಲಸವೇನು? ಚಿತ್ರದಲ್ಲಿ ಕಾಣದ್ದು ಮಾತ್ರ ನಿಮ್ಮ ಪಾಲು. ಸದ್ದು, ವಾಸನೆ, ಯೋನನ ತಲೆಯೊಳಗೆ ಓಡುವುದು. ಮೇಲೆ ಎಲ್ಲರೂ ಜೀವ ಕೈಯಲ್ಲಿ ಹಿಡಿದು ಒದ್ದಾಡುವಾಗ ಈ ಮನುಷ್ಯ ಹಡಗಿನ ಅಡಿಯಲ್ಲಿ ಗಾಢ ನಿದ್ದೆಯಲ್ಲಿದ್ದ ಅಂತ ಬೈಬಲ್ಲೇ ಹೇಳುತ್ತದೆ. ಆ ಜೋಡಿಪುಟಕ್ಕೆ 'ಗೊರ್‌ರ್' ಅಂತ ಒಂದೇ ಪದ ಸಾಕು.

ಪುಟ ತಿರುವುವುದನ್ನೂ ನೀವು ಲೆಕ್ಕಕ್ಕೆ ಹಿಡಿದಿಲ್ಲ. ಯೋನ ನೀರಿಗೆ ಬಿದ್ದದ್ದು, ಮೀನು ನುಂಗಿದ್ದು ಎರಡೂ ಒಂದೇ ಪ್ಯಾರಾದಲ್ಲಿ ಇವೆ. ಅವನು ಮುಳುಗುವಲ್ಲಿ ಪುಟ ಮುಗಿಯಲಿ. ಮಗು ತಾನೇ ಕೈ ಹಾಕಿ ತಿರುವಲಿ.

ಪ್ರಾಸದ ಬಗ್ಗೆ ಒಂದೇ ಮಾತು. ಮೀನು, ನೀನು, ಏನು ಆದಮೇಲೆ ಜೇನು ಬಂದಿದೆ. ನಡುಗಡಲಿನಲ್ಲಿ ಜೇನು ಎಲ್ಲಿ ಸಿಕ್ಕಿತು? ಗದ್ಯದಲ್ಲೇ ಬರೆಯಿರಿ.

ಇನ್ನು ನಿಜವಾದ ತಕರಾರು. ನಿಮ್ಮ ಕೊನೆಯ ಪುಟ ಹೀಗಿದೆ: 'ದೇವರ ಮಾತು ಕೇಳದಿದ್ದರೆ ನಿನಗೂ ಹೀಗೇ ಆಗುತ್ತದೆ ಮಗು.' ರಾತ್ರಿ, ದೀಪ ಆರಿಸುವ ಮುಂಚೆ, ನಾಲ್ಕು ವರ್ಷದ ಮಗುವಿಗೆ ಇದನ್ನು ಓದುವುದನ್ನು ಊಹಿಸಿಕೊಳ್ಳಿ. ಆ ಮಗು ದೇವರ ಬಗ್ಗೆ ಏನನ್ನು ಇಟ್ಟುಕೊಂಡು ಮಲಗುತ್ತದೆ? ಮಾತು ಕೇಳಿಸಲು ಸುಲಭದ ದಾರಿ ಅಂತ ದೊಡ್ಡವರಿಗೆ ಅನ್ನಿಸಬಹುದು. ಆದರೆ ಕಥೆಯೇ ಹಾಗೆ ಹೇಳುವುದಿಲ್ಲ. ಬೈಬಲ್ಲಿನ ಯೋನನ ಪುಸ್ತಕದ ಎರಡನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಯೋನ ಮುಳುಗುತ್ತಿದ್ದಾನೆ, ಸಮುದ್ರದ ಪಾಚಿ ತಲೆಗೆ ಸುತ್ತಿಕೊಂಡಿದೆ. ಆಗ ದೇವರು ಮೀನನ್ನು ಕಳಿಸುತ್ತಾರೆ. ಅದರ ಹೊಟ್ಟೆಯೊಳಗೆ ಕೂತು ಅವನು ಮಾಡುವ ಪ್ರಾರ್ಥನೆಯಲ್ಲಿ ಉಳಿಸಿದ್ದಕ್ಕೆ ಕೃತಜ್ಞತೆ ಇದೆ. ಮೀನು ಬಂದದ್ದು ಅವನನ್ನು ಬದುಕಿಸಲು. ಒಳಗೆ ಕತ್ತಲೆ, ನಾತ ಎಲ್ಲ ಇರಲಿ, ಮಕ್ಕಳಿಗೆ ಅದು ಖುಷಿ. ಆದರೆ ಹಲ್ಲು ಮಸೆಯುವ ಮೀನು ಬೇಡ.

ಮತ್ತೆ, ನೀವು ಅದನ್ನು ತಿಮಿಂಗಿಲ ಅಂದಿದ್ದೀರಿ. ಯೋನನ ಪುಸ್ತಕದಲ್ಲಿರುವುದು 'ದೊಡ್ಡ ಮೀನು' ಅಷ್ಟೇ. ತಿಮಿಂಗಿಲ ಮೀನೇ ಅಲ್ಲ ಅಂತ ಮನೆಯ ದೊಡ್ಡ ಮಗು ಖಂಡಿತ ತಕರಾರು ತೆಗೆಯುತ್ತದೆ.

ಆ ಪುಸ್ತಕ ಒಟ್ಟು ನಾಲ್ಕು ಅಧ್ಯಾಯ, 48 ವಚನ. ಮೀನಿನ ಮಾತು ಬರುವುದು ಮೂರೇ ವಚನದಲ್ಲಿ. ನೀವು ಮುಕ್ಕಾಲು ಭಾಗ ಮೀನಿಗೆ ಕೊಟ್ಟು, ದೇವರು ಯೋನನಿಗೆ ಹೋಗು ಅಂದ ಊರಾದ ನಿನೆವೆಯನ್ನು ಅರ್ಧ ಪುಟದಲ್ಲಿ ಓಡಿಸಿ, ನಾಲ್ಕನೇ ಅಧ್ಯಾಯವನ್ನು ಕೈಬಿಟ್ಟಿದ್ದೀರಿ. 'ಅದು ಮಕ್ಕಳಿಗೆ ಅರ್ಥವಾಗುವುದಿಲ್ಲ' ಅಂತ ಪತ್ರದಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ಮಕ್ಕಳಿಗೆ ಪೂರ್ತಿ ಅರ್ಥವಾಗುವ ಅಧ್ಯಾಯ ಅದೊಂದೇ. ಯೋನ ಮುನಿಸಿಕೊಳ್ಳುತ್ತಾನೆ! ತನಗೆ ಆಗದ ಜನರನ್ನು ದೇವರು ಕ್ಷಮಿಸಿಬಿಟ್ಟರಲ್ಲ ಅಂತ ಊರಾಚೆ ಹೋಗಿ ಮುಖ ಊದಿಸಿಕೊಂಡು ಕೂರುತ್ತಾನೆ. ಒಂದು ಗಿಡ ಬೆಳೆದು ನೆರಳು ಕೊಡುತ್ತದೆ, ಖುಷಿ. ಮರುದಿನ ಹುಳು ಅದನ್ನು ಕೊರೆಯುತ್ತದೆ, ಮತ್ತೆ ಸಿಟ್ಟು. ತಮ್ಮನಿಗೂ ತಿಂಡಿ ಸಿಕ್ಕಿತು ಅಂತ ಮೂಲೆ ಸೇರುವ ಮಗುವಿಗೆ ಇದನ್ನು ವಿವರಿಸಬೇಕಾ?

ಕೊನೆಯ ವಚನದಲ್ಲಿ ದೇವರು ಕೇಳುತ್ತಾರೆ: ಎಡಗೈ ಬಲಗೈ ಗೊತ್ತಿಲ್ಲದ 1,20,000ಕ್ಕಿಂತ ಜಾಸ್ತಿ ಜನ ಈ ಊರಲ್ಲಿದ್ದಾರೆ, ಲೆಕ್ಕವಿಲ್ಲದಷ್ಟು ದನಕರುಗಳಿವೆ, ನಾನು ಮರುಗಬಾರದಾ? ಅವರು ಪುಟ್ಟ ಮಕ್ಕಳು ಅನ್ನುವವರಿದ್ದಾರೆ, ತಿಳಿವಳಿಕೆ ಇಲ್ಲದ ದೊಡ್ಡವರು ಅನ್ನುವವರೂ ಇದ್ದಾರೆ. ಅದೇನೇ ಇರಲಿ, ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಓಡುವ ನಿಮ್ಮ ಓದುಗರು ತಮ್ಮ ಕೈ ನೋಡಿಕೊಳ್ಳುತ್ತಾರೆ, ಅಲ್ವಾ? ಬೈಬಲ್‌ನಲ್ಲಿ ಯೋನ ಏನು ಉತ್ತರ ಕೊಟ್ಟ ಅಂತ ಇಲ್ಲ, ಪ್ರಶ್ನೆಯಲ್ಲೇ ಮುಗಿಯುತ್ತದೆ. ನೀವೂ ಅಲ್ಲೇ ಮುಗಿಸಿ. ನೀತಿಪುಟವನ್ನು ಹರಿದು ಹಾಕಿ.

ಭಾಷೆ. ಪಶ್ಚಾತ್ತಾಪ, ಅಧರ್ಮ, ವಿಧೇಯತೆ ಇವೆಲ್ಲ ಚರ್ಚಿನ ಪ್ರಸಂಗದ ಮಾತು. ನಿನೆವೆಯವರು ಏನು ಮಾಡಿದರು ಅನ್ನುವುದನ್ನು ತೋರಿಸಿ. ಊಟ ಬಿಟ್ಟರು, ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ, ದನಗಳಿಗೂ ಗೋಣಿತಟ್ಟು ಹೊದಿಸಬೇಕು ಅಂದ. ಇದನ್ನು ಬಿಡುವವರುಂಟೇ? ಒಂದು ಕಡೆ ಯೆಹೋವ, ಇನ್ನೊಂದು ಕಡೆ ಸರ್ವೇಶ್ವರ ಅಂತ ಬರೆದಿದ್ದೀರಿ. ಈ ವಯಸ್ಸಿಗೆ 'ದೇವರು' ಸಾಕು, ಯಾವ ಚರ್ಚಿನ ಸಭೆಯವರಿಗೂ ಅಡ್ಡಿಯಿಲ್ಲ. 'ದೇವರು ಯೋನನ ಹೃದಯದ ಬಾಗಿಲು ತಟ್ಟಿದರು' ಅಂದರೆ ಮಗು ನಿಜವಾದ ಬಾಗಿಲನ್ನೇ ಹುಡುಕುತ್ತದೆ. ಅದಕ್ಕೆ ಚಿಲಕ ಇದೆಯಾ ಅಂತಲೂ ಕೇಳುತ್ತದೆ.

ಚಿತ್ರದ ಸೂಚನೆಗಳಲ್ಲಿ ಯೋನನಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು ಕೊಟ್ಟಿದ್ದೀರಿ. ಅವನು ಗಲಿಲಾಯದ ಕಡೆಯವನು, ಪಶ್ಚಿಮ ಏಷ್ಯಾದ ಮನುಷ್ಯ. ಆ ಸೂಚನೆಗಳನ್ನೆಲ್ಲ ತೆಗೆದುಬಿಡಿ, ಚಿತ್ರಕಾರರು ನೋಡಿಕೊಳ್ಳುತ್ತಾರೆ.

ಎಂಟು ಹಾಳೆ ತೆಗೆದುಕೊಂಡು ಅರ್ಧಕ್ಕೆ ಮಡಚಿ ಹೊಲಿಯಿರಿ. 32 ಪುಟ ಆಗುತ್ತದೆ. ಪ್ರತಿ ಪುಟದಲ್ಲಿ ಬರುವ ಮಾತನ್ನು ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಗೊತ್ತಿರುವ ಮಗುವಿಗೆ ಓದಿ ಹೇಳಿ. ಎಲ್ಲಿ ಅದರ ಕಣ್ಣು ಬೇರೆ ಕಡೆ ಹೋಯಿತು ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ನನಗೆ ಕಳಿಸಿ, ಅವಸರವಿಲ್ಲ. ಬಿಕ್ಕಳಿಸುವ ಹಡಗು ಇರಲಿ, ಗೋಣಿ ಹೊದ್ದ ದನಗಳೂ ಬರಲಿ.