ಒಂದೇ ಪೀಪಾಯಿಯ ವಿಸ್ಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉದ್ಯೋಗದ ನಿಮಿತ್ತ ಎಡಿನ್‌ಬರೋದಲ್ಲಿ ನೆಲೆಸಿದ್ದೇನೆ. ಈಚೆಗೆ ಗೆಳೆಯರೊಬ್ಬರ ಮನೆಯಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಕೂಲ್ ಈಲಾ ಡಿಸ್ಟಿಲರಿಯ ಎರಡು ‘ಸಿಂಗಲ್ ಕಾಸ್ಕ್’ (ಒಂದೇ ಪೀಪಾಯಿಯಿಂದ ತುಂಬಿದ) ವಿಸ್ಕಿಗಳ ರುಚಿ ನೋಡಿದೆ. ಎರಡಕ್ಕೂ ಹನ್ನೆರಡು ವರ್ಷ. ಆದರೆ ಒಂದು ಒಣಹುಲ್ಲಿನ ಬಣ್ಣದ್ದು, ಇನ್ನೊಂದು ಕಡುಕಂದು. ರುಚಿಯಲ್ಲಂತೂ ಒಂದೇ ತಾಯಿಯ ಮಕ್ಕಳೆಂದು ನಂಬುವಂತಿರಲಿಲ್ಲ. ಇದಕ್ಕೆ ಕಾರಣವೇನು? ಯಾವುದು ಮೇಲು ಎಂದು ನಿರ್ಧರಿಸುವುದು ಹೇಗೆ?

ಉತ್ತರ: ‘ಸಿಂಗಲ್ ಮಾಲ್ಟ್’ ಎಂದರೆ ಒಂದೇ ಡಿಸ್ಟಿಲರಿಯ, ಮೊಳಕೆ ಬಾರ್ಲಿಯ ವಿಸ್ಕಿ ಎಂದರ್ಥವೇ ಹೊರತು ಒಂದೇ ಪೀಪಾಯಿಯದು ಎಂದಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಟಲಿಯಲ್ಲಿ ಹತ್ತಾರು ಪೀಪಾಯಿಗಳ ವಿಸ್ಕಿ ಬೆರೆತಿರುತ್ತದೆ; ಒಂದರ ಒರಟುತನವನ್ನು ಇನ್ನೊಂದರ ಸಿಹಿ ಮುಚ್ಚಿ, ಹೋದ ವರ್ಷದ ರುಚಿಯೇ ಈ ವರ್ಷವೂ ಬರುವಂತೆ ನೋಡಿಕೊಳ್ಳುವುದು ಅಲ್ಲಿನ ಬೆರಕೆಗಾರನ ಕೆಲಸ. ಲೇಬಲ್ಲಿನ ಮೇಲಿನ ವಯಸ್ಸು ಆ ಮಿಶ್ರಣದಲ್ಲಿ ಎಲ್ಲಕ್ಕಿಂತ ಎಳೆಯದರದು. ಸಿಂಗಲ್ ಕಾಸ್ಕ್‌ನಲ್ಲಿ ಈ ಸರಿದೂಗಿಸುವಿಕೆ ಇಲ್ಲವಾದ್ದರಿಂದ ಆ ಒಂದು ಪೀಪಾಯಿಯ ಗುಣವೂ ದೋಷವೂ ನೇರವಾಗಿ ನಿಮ್ಮ ಲೋಟಕ್ಕೆ ಬರುತ್ತವೆ.

ಬಣ್ಣವನ್ನು ನೋಡಿದರೆ, ನೀವು ಕುಡಿದ ಮೊದಲನೆಯದು ಬರ್ಬನ್ (ಅಮೆರಿಕದ ವಿಸ್ಕಿ) ಇದ್ದ ಪೀಪಾಯಿಯಲ್ಲಿ, ಎರಡನೆಯದು ಶೆರ್ರಿ (ಸ್ಪೇನಿನ ಒಂದು ವೈನ್) ಪೀಪಾಯಿಯಲ್ಲಿ ಇದ್ದದ್ದೆಂದು ತೋರುತ್ತದೆ. ಬರ್ಬನ್ನನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಮೆರಿಕದ ಕಾನೂನು ಹೇಳುವುದರಿಂದ, ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳು ಲಕ್ಷಗಟ್ಟಲೆ ಸ್ಕಾಟ್ಲೆಂಡಿಗೆ ಬರುತ್ತವೆ. ಅಮೆರಿಕದ ಓಕ್ ವೆನಿಲಾ, ಕೊಬ್ಬರಿಯ ಪರಿಮಳ ಕೊಟ್ಟರೆ, ಶೆರ್ರಿ ತುಂಬಿದ್ದ ಯುರೋಪಿನ ಓಕ್ ಒಣದ್ರಾಕ್ಷಿ, ಲವಂಗದ ವಾಸನೆಯನ್ನೂ ನಾಲಿಗೆಯಲ್ಲಿ ತುಸು ಒಗರನ್ನೂ ಬಿಡುತ್ತದೆ. ಜೊತೆಗೆ, ಪೀಪಾಯಿಯನ್ನು ಸ್ಕಾಚ್‌ಗಾಗಿ ಎಷ್ಟನೆಯ ಸಲ ತುಂಬಿದ್ದಾರೆ ಎಂಬುದೂ ಮುಖ್ಯ. ‘ಫಸ್ಟ್ ಫಿಲ್’ ಎಂದರೆ ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್. ‘ರೀಫಿಲ್’ ಎಂದರೆ ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ್ದು. ಆದರೆ ಕಾಫಿಯ ಎರಡನೆಯ ಡಿಕಾಕ್ಷನ್ನಿನಂತೆ ಇದು ಕಳಪೆಯೇನಲ್ಲ: ಮರದ ಅಬ್ಬರ ತಗ್ಗಿರುವುದರಿಂದ ಐಲಾದ ಪೀಟ್ (ಬಾರ್ಲಿ ಒಣಗಿಸಲು ಉರಿಸುವ ಜೌಗುಮಣ್ಣು) ಹೊಗೆ, ಟಿಂಚರ್ ಐಯೋಡಿನ್ನಿನಂಥ ವಾಸನೆ ರೀಫಿಲ್‌ನಲ್ಲೇ ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಒಲವು ಅದರ ಕಡೆಗೇ. ಶೆರ್ರಿಯ ಕಡುಬಣ್ಣಕ್ಕೆ ಮರುಳಾಗಿ ಹೆಚ್ಚು ಬೆಲೆ ತೆರುವವರನ್ನು ಕಂಡಾಗ ಸ್ವಲ್ಪ ಬೇಸರವೂ ಆಗುತ್ತದೆ.

ಹೋಲಿಸುವ ಮುನ್ನ ಲೇಬಲ್ಲನ್ನು ಗಮನವಿಟ್ಟು ಓದಿ. ಪೀಪಾಯಿಯ ಸಂಖ್ಯೆ, ಬಟ್ಟಿ ಇಳಿಸಿದ ಮತ್ತು ಬಾಟಲಿಗೆ ತುಂಬಿದ ವರ್ಷ, ಒಟ್ಟು ಬಾಟಲಿಗಳ ಲೆಕ್ಕ ಅಲ್ಲಿರುತ್ತವೆ. ಆ ಲೆಕ್ಕವೇ ಒಂದು ಕಥೆ ಹೇಳುತ್ತದೆ: 250 ಲೀಟರಿನ ಹಾಗ್ಸ್‌ಹೆಡ್ ಪೀಪಾಯಿಯಿಂದ ವರ್ಷಕ್ಕೆ ಶೇ 2ರಂತೆ ಆವಿಯಾದರೆ ಹನ್ನೆರಡು ವರ್ಷಕ್ಕೆ ಉಳಿಯುವುದು ಸುಮಾರು 196 ಲೀಟರ್, ಅಂದರೆ 700 ಮಿಲಿಲೀಟರಿನ 280 ಬಾಟಲಿ. ಆರುನೂರು ಬಾಟಲಿ ಎಂದು ಬರೆದಿದ್ದರೆ ಅದು 500 ಲೀಟರಿನ ‘ಬಟ್’ನಂಥ ದೊಡ್ಡ ಪೀಪಾಯಿಯೇ ಇರಬೇಕು. (ಸ್ಕಾಟ್ಲೆಂಡಿನವರು ‘ದೇವದೂತರ ಪಾಲು’ ಎನ್ನುವ ಈ ನಷ್ಟ ನಮ್ಮ ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ 10ನ್ನೂ ದಾಟುತ್ತದೆ, ಅಮೃತ್ ಡಿಸ್ಟಿಲರಿಯವರು ತಮ್ಮ ಒಂದು ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಎಂದೇ ಹೆಸರಿಟ್ಟಿದ್ದಾರೆ.) ಎಡಿನ್‌ಬರೋದಲ್ಲೇ 1983ರಲ್ಲಿ ಆರಂಭವಾದ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿಯ ಬಾಟಲಿಗಳ ಮೇಲೆ ಡಿಸ್ಟಿಲರಿಯ ಹೆಸರಿನ ಬದಲು ಬರೀ ಅಂಕಿಗಳಿರುತ್ತವೆ: ಚುಕ್ಕಿಯ ಹಿಂದಿನದು ಡಿಸ್ಟಿಲರಿಗೆ, ಮುಂದಿನದು ಪೀಪಾಯಿಗೆ. ಹೆಸರಿನ ಮೋಹಕ್ಕೆ ಸಿಲುಕದೆ ಸವಿಯಲು ಇದು ಒಳ್ಳೆಯ ಉಪಾಯ.

ಯಾವುದು ಮೇಲು ಎಂಬುದಕ್ಕಿಂತ ಯಾವುದು ಏನು ಹೇಳುತ್ತಿದೆ ಎಂದು ಕೇಳಿಕೊಳ್ಳುವುದು ಲೇಸು. ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಲೋಟಗಳಲ್ಲಿ 20 ಮಿಲಿಲೀಟರಿನಂತೆ ಸುರಿಸಿ, ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಬೇರೆಯವರಿಂದ ಇಡಿಸಿ. ಟಿಪ್ಪಣಿ ಬರೆಯುವಾಗ ‘ಹೆದರ್ ಹೂವು’, ‘ಕ್ರಿಸ್ಮಸ್ ಕೇಕ್’ ಎಂದು ಅಲ್ಲಿಯವರ ಮಾತನ್ನೇ ಎರವಲು ತರಬೇಕಿಲ್ಲ. ಜೋನಿಬೆಲ್ಲ, ಹುರಿದ ಕೊಬ್ಬರಿ, ಹಂಡೆ ಒಲೆಯ ಹೊಗೆ ಎಂದು ನಿಮಗೆ ನೆನಪಾದರೆ ಹಾಗೆಯೇ ಬರೆಯಿರಿ.

ಪ್ರಶ್ನೆ: ‘ಕಾಸ್ಕ್ ಸ್ಟ್ರೆಂಗ್ತ್’ ಎಂದರೂ ‘ಸಿಂಗಲ್ ಕಾಸ್ಕ್’ ಎಂದರೂ ಒಂದೆಯೇ?

ಉತ್ತರ: ಅಲ್ಲ. ಮೊದಲನೆಯದು ನೀರು ಬೆರೆಸಿ ತೀವ್ರತೆಯನ್ನು ತಗ್ಗಿಸದೆ ತುಂಬಿದ್ದು. ಅಬರ್ಲೌರ್ ಡಿಸ್ಟಿಲರಿಯ ‘ಅಬುನಾ’ ಅಂಥದ್ದು, ಆದರೆ ಅದರಲ್ಲಿ ಅನೇಕ ಶೆರ್ರಿ ಪೀಪಾಯಿಗಳು ಬೆರೆತಿರುತ್ತವೆ. ಹಾಗೆಯೇ ಸಿಂಗಲ್ ಕಾಸ್ಕ್‌ಗೆ ನೀರು ಬೆರೆಸಿ ಆಲ್ಕೋಹಾಲನ್ನು ಶೇ 46ಕ್ಕೆ ಇಳಿಸಿ ಮಾರುವುದೂ ಉಂಟು.

ಪ್ರಶ್ನೆ: ಇಂಥ ದುಬಾರಿ ವಿಸ್ಕಿಗೆ ನೀರು ಹಾಕುವುದು ಅಪಚಾರವೆನ್ನುತ್ತಾರೆ. ನಿಜವೇ?

ಉತ್ತರ: ಹಾಗೆನ್ನುವವರು ಡಿಸ್ಟಿಲರಿಯೊಳಗೆ ಕಾಲಿಟ್ಟಂತಿಲ್ಲ, ಅಲ್ಲಿಯ ಪರಿಣತರು ನೀರು ಬೆರೆಸಿಯೇ ಮೂಸುತ್ತಾರೆ. ಹೊಗೆವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣುವನ್ನು ಕುರಿತು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಪರಿಶೀಲಿಸಿದಾಗ, ಆಲ್ಕೋಹಾಲ್ ಶೇ 59ಕ್ಕಿಂತ ಹೆಚ್ಚಿದ್ದರೆ ಅದು ದ್ರವದೊಳಗೇ ಅಡಗಿರುತ್ತದೆಂದೂ, ಶೇ 45ಕ್ಕೆ ಇಳಿದಾಗ ಮೇಲ್ಮೈಗೆ ಬರುತ್ತದೆಂದೂ ಕಂಡುಬಂತು. ಹೋಲಿಕೆಯ ದೃಷ್ಟಿಯಿಂದಲೂ ನೀರು ಬೇಕು: ಒಂದು ಶೇ 58, ಇನ್ನೊಂದು ಶೇ 46 ಇದ್ದರೆ ಮೊದಲನೆಯದು ನಾಲಿಗೆಯನ್ನು ಸುಟ್ಟು ಎರಡನೆಯದನ್ನು ಸಪ್ಪೆಯಾಗಿಸುತ್ತದೆ. ಮೊದಲು ಎರಡನ್ನೂ ಹಾಗೆಯೇ ಮೂಸಿ, ಬಳಿಕ ಶೇ 58ರ 20 ಮಿಲಿಲೀಟರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀರು ಹಾಕಿದರೆ ಅದೂ ಹೆಚ್ಚುಕಡಿಮೆ ಶೇ 46ಕ್ಕೆ ಬಂದು ನಿಲ್ಲುತ್ತದೆ. ಮಂಜುಗಡ್ಡೆ ಮಾತ್ರ ಬೇಡ; ತಣ್ಣಗಾದ ವಿಸ್ಕಿಯಿಂದ ಪರಿಮಳ ಏಳುವುದಿಲ್ಲ.